ರುಮಟಾಯ್ಡ್ ಸಂಧಿವಾತ ಮತ್ತು ಸ್ತ್ರೀಯರ ಫಲವಂತಿಕೆ

ರುಮಟಾಯ್ಡ್ ಸಂಧಿವಾತವು ದೇಹದ ರೋಗರಕ್ಷಣಾ ವ್ಯವಸ್ಥೆಯು ತನ್ನದೇ ಕೀಲುಗಳ ಒಳಪೊರೆಯ ಮೇಲೆ ಎರಗುವುದರಿಂದ ಉಂಟಾಗುವ ದೀರ್ಘಕಾಲಿಕ ಉರಿಯೂತದ ಕಾಯಿಲೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು–ಮೂರು ಪಟ್ಟು ಹೆಚ್ಚು. ಮದುವೆ, ಬಸಿರು, ಬಾಣಂತನಗಳ ವಯಸ್ಸಿನಲ್ಲಿಯೇ ಕಾಯಿಲೆ ಆರಂಭವಾಗುವ ಸ್ತ್ರೀಯರ ಸಂಖ್ಯೆ ಗಣನೀಯವಾದುದರಿಂದ, ಗರ್ಭ ನಿಲ್ಲುವುದೇ, ಅಂಡಾಶಯಕ್ಕೆ ಹಾನಿಯಾಗುವುದೇ, ಔಷಧದಿಂದ ಮಗುವಿಗೆ ತೊಂದರೆಯಾಗುವುದೇ ಎಂಬ ಪ್ರಶ್ನೆಗಳು ಚಿಕಿತ್ಸೆಯ ಮೊದಲ ದಿನದಿಂದಲೇ ಏಳುತ್ತವೆ. ಕಾಯಿಲೆಯು ಸ್ತ್ರೀಯನ್ನು ಬಂಜೆಯನ್ನಾಗಿ ಮಾಡುವುದಿಲ್ಲ. ಆದರೆ ಹತೋಟಿಗೆ ಬಾರದ ಉರಿಯೂತ ಮತ್ತು ಕೆಲವು ಔಷಧಗಳು ಗರ್ಭಧಾರಣೆಯನ್ನು ತಡವಾಗಿಸುತ್ತವೆ. ಇನ್ನು ಕೆಲವು ಔಷಧಗಳು ಭ್ರೂಣಕ್ಕೆ ಅಪಾಯಕಾರಿ. ಆದಕಾರಣ ಬಸಿರನ್ನು ಮುಂಚಿತವಾಗಿ ಯೋಜಿಸುವುದೇ ಈ ವಿಷಯದ ತಿರುಳು. ತಜ್ಞವೈದ್ಯರು ದೂರದಲ್ಲಿರುವ ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಂತಹ ಮಲೆನಾಡಿನ ಪ್ರದೇಶಗಳಲ್ಲಿ ಇಂತಹ ಯೋಜನೆ ಹೆಚ್ಚು ಕಷ್ಟ, ಆದುದರಿಂದಲೇ ಹೆಚ್ಚು ಅಗತ್ಯ.

ಹೆಸರು ಮತ್ತು ಗುರುತು

ಕನ್ನಡದ ಆಡುಮಾತಿನಲ್ಲಿ ಎಲ್ಲ ಬಗೆಯ ಕೀಲುನೋವಿಗೂ ‘ವಾತ’ ಎಂಬ ಒಂದೇ ಹೆಸರಿದೆ. ಆಯುರ್ವೇದದಲ್ಲಿ ಮಾಧವಕರನ ‘ಮಾಧವನಿದಾನ’ವು ಆಮವಾತ ಎಂಬ ರೋಗಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ, ಅದರ ಲಕ್ಷಣಗಳಲ್ಲಿ ಹಲವು ರುಮಟಾಯ್ಡ್ ಸಂಧಿವಾತವನ್ನು ಹೋಲುತ್ತವೆ. ವಯಸ್ಸಾದವರ ಮಂಡಿ ಸವೆತ ಬೇರೆ, ಈ ಕಾಯಿಲೆ ಬೇರೆ. ರುಮಟಾಯ್ಡ್ ಸಂಧಿವಾತದಲ್ಲಿ ಎರಡೂ ಕೈಗಳ ಬೆರಳಿನ ಗೆಣ್ಣುಗಳು, ಮಣಿಕಟ್ಟು, ಪಾದದ ಮುಂಭಾಗದ ಕೀಲುಗಳು ಒಟ್ಟಿಗೆ ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಯಿಂದ ಒಂದು ಗಂಟೆಗೂ ಮೀರಿ ಬಿಗಿತವಿರುತ್ತದೆ. ಕೆಲಸ ಮಾಡುತ್ತ ಹೋದಂತೆ ಅದು ಸಡಿಲವಾಗುತ್ತದೆ. ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆಂಟಿ-ಸಿಸಿಪಿ ಎಂಬ ಪ್ರತಿಕಾಯಗಳು ಅನೇಕರಲ್ಲಿ ಕಂಡುಬರುತ್ತವೆ, ಎಲ್ಲರಲ್ಲಿಯೂ ಅಲ್ಲ.

ಹರಿಯಾಣದ ಬಲ್ಲಭಗಢದ ಗ್ರಾಮೀಣ ವಯಸ್ಕರಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯು ಕಾಯಿಲೆಯ ಪ್ರಮಾಣವನ್ನು ಶೇ. 0.75 ಎಂದು ಗುರುತಿಸಿತು. ಅಂದರೆ ಸಾವಿರ ವಯಸ್ಕರಿರುವ ಊರಿನಲ್ಲಿ ಏಳೆಂಟು ಮಂದಿ. ಇದು ಅಪರೂಪದ ರೋಗವೆನ್ನಲಾಗದು.

ಮಲೆನಾಡಿನಲ್ಲಿ ಇದರೊಂದಿಗೆ ಬೆರೆತುಹೋಗುವ ಎರಡು ಕಾಯಿಲೆಗಳನ್ನು ಇಲ್ಲಿ ಹೇಳಬೇಕು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಬೆಳಕಿಗೆ ಬಂದು, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಕಂಡುಬಂದ ಹಂದಿಗೋಡು ಕಾಯಿಲೆಯು ವಂಶಪಾರಂಪರ್ಯವಾಗಿ ಬರುವ ಮೂಳೆಯ ಬೆಳವಣಿಗೆಯ ದೋಷ. ಅದು ಮುಖ್ಯವಾಗಿ ಸೊಂಟದ ಕೀಲನ್ನು ಕೆಡಿಸುತ್ತದೆ; ರುಮಟಾಯ್ಡ್ ಸಂಧಿವಾತದೊಂದಿಗೆ ಅದಕ್ಕೆ ಸಂಬಂಧವಿಲ್ಲ. ಎರಡನೆಯದು ಚಿಕೂನ್‌ಗುನ್ಯ. 2006ರ ಸಾಂಕ್ರಾಮಿಕದಲ್ಲಿ ಕರ್ನಾಟಕವು ಅತಿ ಹೆಚ್ಚು ಬಾಧೆಗೊಳಗಾದ ರಾಜ್ಯಗಳಲ್ಲಿ ಒಂದಾಗಿತ್ತು. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಉಳಿಯುವ ಅದರ ಕೀಲುನೋವು ರುಮಟಾಯ್ಡ್ ಸಂಧಿವಾತವನ್ನೇ ಹೋಲಬಲ್ಲದು. ಹೀಗಾಗಿ ‘ಚಿಕೂನ್‌ಗುನ್ಯದ ನೋವು ಇನ್ನೂ ಹೋಗಿಲ್ಲ’ ಎಂದು ವರ್ಷಗಟ್ಟಲೆ ಕಾಯುತ್ತ ಕುಳಿತ ಸ್ತ್ರೀಯರಲ್ಲಿ ಸಂಧಿವಾತವು ಚಿಕಿತ್ಸೆಯಿಲ್ಲದೆ ಮುಂದುವರಿಯುವ ಸಾಧ್ಯತೆಯಿದೆ. ಊದಿಕೊಂಡ ಕೀಲುಗಳು ಆರು ವಾರಗಳಲ್ಲಿ ಇಳಿಯದಿದ್ದರೆ ರಕ್ತಪರೀಕ್ಷೆ ಅವಶ್ಯ.

ಗರ್ಭಧಾರಣೆ ತಡವಾಗಲು ಕಾರಣಗಳು

ಗರ್ಭನಿರೋಧಕವಿಲ್ಲದೆ ಹನ್ನೆರಡು ತಿಂಗಳು ಕಳೆದರೂ ಗರ್ಭ ನಿಲ್ಲದಿರುವುದನ್ನು ವೈದ್ಯಶಾಸ್ತ್ರವು ಬಂಜೆತನ ಎಂದು ವ್ಯಾಖ್ಯಾನಿಸುತ್ತದೆ. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ಸಂಶೋಧಕರು ರುಮಟಾಯ್ಡ್ ಸಂಧಿವಾತವಿದ್ದು ಮಗುವನ್ನು ಬಯಸಿದ 245 ಸ್ತ್ರೀಯರನ್ನು ಅನುಸರಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇ. 42ರಷ್ಟು ಮಂದಿಗೆ ಈ ಹನ್ನೆರಡು ತಿಂಗಳ ಗಡಿ ದಾಟಿತ್ತು. ಸಾಮಾನ್ಯ ಜನರಲ್ಲಿ ಕಾಣುವ ಪ್ರಮಾಣಕ್ಕಿಂತ ಇದು ಬಹಳ ಹೆಚ್ಚು. ತಡವಾದವರಲ್ಲಿ ಕಂಡ ಅಂಶಗಳು ಇವು: ಹೆಚ್ಚಿದ ವಯಸ್ಸು, ಹಿಂದೆ ಹೆರಿಗೆಯಾಗದಿರುವುದು, ಕಾಯಿಲೆಯ ತೀವ್ರತೆ, ನೋವುನಿವಾರಕ ಮಾತ್ರೆಗಳ ಬಳಕೆ, ಮತ್ತು ದಿನಕ್ಕೆ 7.5 ಮಿಲಿಗ್ರಾಂ ಮೀರಿದ ಪ್ರೆಡ್ನಿಸೊಲೋನ್. ಗರ್ಭಕ್ಕೆ ಮುಂಚೆ ಮೆಥೊಟ್ರೆಕ್ಸೇಟ್ ಸೇವಿಸಿದ್ದುದು ತಡವಾಗುವುದಕ್ಕೆ ಕಾರಣವಾಗಿ ಕಂಡುಬರಲಿಲ್ಲ. ಈ ಪಟ್ಟಿಯಲ್ಲಿ ಕೊನೆಯ ಮೂರು ಅಂಶಗಳನ್ನು ಚಿಕಿತ್ಸೆಯಿಂದ ಬದಲಾಯಿಸಬಹುದು ಎಂಬುದನ್ನು ಗಮನಿಸಬೇಕು.

ನೋವುನಿವಾರಕಗಳ ಸಂಗತಿಯು ಹೆಚ್ಚು ಜನರಿಗೆ ತಿಳಿಯದು. ಡೈಕ್ಲೊಫೆನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್ ಮುಂತಾದವು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪತ್ತಿಯನ್ನು ತಡೆದು ನೋವನ್ನು ಇಳಿಸುತ್ತವೆ. ಆದರೆ ಪಕ್ವವಾದ ಅಂಡಕೋಶವು ಒಡೆದು ಅಂಡಾಣು ಹೊರಬೀಳಲೂ ಅದೇ ರಾಸಾಯನಿಕ ಬೇಕು. ಮಾತ್ರೆಯ ಪ್ರಭಾವದಲ್ಲಿ ಅಂಡಕೋಶ ಬೆಳೆಯುತ್ತದೆ, ಹಾರ್ಮೋನುಗಳು ಏರಿಳಿಯುತ್ತವೆ, ಮುಟ್ಟೂ ಕ್ರಮವಾಗಿ ಬರುತ್ತದೆ. ಅಂಡಾಣು ಮಾತ್ರ ಹೊರಬರುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಈ ಅಡಚಣೆ ಸರಿಹೋಗುತ್ತದೆ. ಔಷಧದಂಗಡಿಯಿಂದ ಚೀಟಿಯಿಲ್ಲದೆ ತಂದು ದಿನವೂ ನುಂಗುವ ನೋವಿನ ಮಾತ್ರೆಯೇ ಮಕ್ಕಳಾಗದಿರಲು ಒಂದು ಕಾರಣವಾಗಿರಬಹುದೆಂದು ಯಾರೂ ಊಹಿಸುವುದಿಲ್ಲ. ಬಂಜೆತನದ ತಪಾಸಣೆಗೆ ಬಂದವರನ್ನು ಈ ಪ್ರಶ್ನೆ ಮೊದಲಿಗೇ ಕೇಳಬೇಕಾಗಿದೆ.

ಇದಲ್ಲದೆ ನೋವು, ಬಳಲಿಕೆ ಮತ್ತು ಸೊಂಟದ ಕೀಲಿನ ಬಿಗಿತದಿಂದ ದಾಂಪತ್ಯ ಸಂಬಂಧವೇ ವಿರಳವಾಗುತ್ತದೆ. ಸಂಕೋಚದಿಂದ ರೋಗಿಯೂ ಹೇಳುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಜೊತೆಯಲ್ಲಿ ಥೈರಾಯ್ಡ್ ದೋಷವಿರುವುದು ಈ ರೋಗಿಗಳಲ್ಲಿ ಸಾಮಾನ್ಯವಾದುದರಿಂದ ಅದರ ಪರೀಕ್ಷೆಯೂ ಬೇಕು. ಪತಿಯ ವೀರ್ಯಪರೀಕ್ಷೆಯನ್ನು ಬಿಟ್ಟು ಎಲ್ಲ ದೋಷವನ್ನು ಪತ್ನಿಯ ಕಾಯಿಲೆಯ ಮೇಲೆ ಹೊರಿಸುವುದು ಅಶಾಸ್ತ್ರೀಯ.

ಅಂಡಾಶಯದ ಸ್ಥಿತಿ

ಸ್ತ್ರೀಯು ಹುಟ್ಟುವಾಗಲೇ ತನ್ನ ಜೀವಮಾನದ ಅಂಡಾಣುಗಳನ್ನೆಲ್ಲ ಹೊತ್ತು ಬರುತ್ತಾಳೆ. ವಯಸ್ಸಿನೊಂದಿಗೆ ಆ ಸಂಗ್ರಹ ಕರಗುತ್ತದೆ. ಉಳಿದ ಸಂಗ್ರಹದ ಅಂದಾಜಿಗೆ ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮತ್ತು ಅಂಡಾಶಯದ ಸ್ಕ್ಯಾನಿಂಗ್ ಬಳಕೆಯಲ್ಲಿವೆ. ಸಂಧಿವಾತದಲ್ಲಿ ಈ ಸಂಗ್ರಹ ಬೇಗ ಕರಗುತ್ತದೆಯೇ ಎಂಬ ಬಗ್ಗೆ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಹೊಸದಾಗಿ ಕಾಯಿಲೆ ಪತ್ತೆಯಾದ ಸ್ತ್ರೀಯರಲ್ಲಿ ಎಎಂಎಚ್ ಮಟ್ಟವು ಆರೋಗ್ಯವಂತರಂತೆಯೇ ಇತ್ತೆಂದು 2013ರ ಡಚ್ ಅಧ್ಯಯನವೊಂದು ಹೇಳಿದರೆ, ದೀರ್ಘಕಾಲದ ರೋಗಿಗಳಲ್ಲಿ ಮಟ್ಟ ತಗ್ಗಿದುದನ್ನು 2015ರ ಜರ್ಮನ್ ಅಧ್ಯಯನವೊಂದು ತೋರಿಸಿತು. ವಾರಕ್ಕೊಮ್ಮೆ ಸೇವಿಸುವ ಕಡಿಮೆ ಪ್ರಮಾಣದ ಮೆಥೊಟ್ರೆಕ್ಸೇಟ್ ಅಂಡಾಶಯವನ್ನು ಹಾಳುಮಾಡುತ್ತದೆ ಎಂಬುದಕ್ಕೆ ಆಧಾರ ದೊರೆತಿಲ್ಲ. ಅಂಡಾಶಯಕ್ಕೆ ನಿಶ್ಚಿತವಾಗಿ ಹಾನಿ ಮಾಡುವ ಔಷಧ ಸೈಕ್ಲೊಫಾಸ್ಫಮೈಡ್. ಅದು ಲೂಪಸ್ ಮತ್ತು ರಕ್ತನಾಳಗಳ ಉರಿಯೂತಗಳಲ್ಲಿ ಬಳಕೆಯಾಗುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಬಲು ಅಪರೂಪ.

ಎಎಂಎಚ್ ಕಡಿಮೆಯೆಂದ ಮಾತ್ರಕ್ಕೆ ಸಹಜವಾಗಿ ಬಸಿರು ನಿಲ್ಲದೆಂದು ತೀರ್ಮಾನಿಸುವಂತಿಲ್ಲ. ಆದರೆ ವಯಸ್ಸಿನ ಲೆಕ್ಕವನ್ನು ಯಾವ ಔಷಧವೂ ತಿದ್ದಲಾರದು. ‘ಕಾಯಿಲೆ ಪೂರ್ತಿ ವಾಸಿಯಾಗಲಿ, ಆಮೇಲೆ ಮಗು’ ಎಂದು ಮೂವತ್ತೈದು ದಾಟುವವರೆಗೆ ಮುಂದೂಡುವುದೇ ಅನೇಕರಲ್ಲಿ ನಿಜವಾದ ತೊಡಕು. ಏಕೆಂದರೆ ಈ ಕಾಯಿಲೆ ಸಾಮಾನ್ಯವಾಗಿ ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿರುತ್ತದೆ. ಮೂವತ್ತೈದು ಮೀರಿದವರು ಆರು ತಿಂಗಳು ಪ್ರಯತ್ನಿಸಿದ ನಂತರ ತಪಾಸಣೆಗೆ ಹೋಗುವುದು ಉಚಿತ. ಕಾಯಿಲೆ ಹತೋಟಿಯಲ್ಲಿದ್ದರೆ ಪ್ರನಾಳ ಶಿಶು ಚಿಕಿತ್ಸೆಗೂ ಅಡ್ಡಿಯಿಲ್ಲ.

ಔಷಧಗಳು

ಔಷಧಗಳನ್ನು ಬಸಿರಿನ ದೃಷ್ಟಿಯಿಂದ ಎರಡು ಗುಂಪಾಗಿ ನೋಡಬಹುದು. ಮುಂದುವರಿಸಬಹುದಾದವುಗಳಲ್ಲಿ ಹೈಡ್ರಾಕ್ಸಿಕ್ಲೊರೊಕ್ವಿನ್ ಮತ್ತು ಸಲ್ಫಾಸಲಜೀನ್ ಮುಖ್ಯವಾದವು. ಎರಡೂ ಕಡಿಮೆ ಬೆಲೆಯವು, ಬಸಿರಿನಲ್ಲಿಯೂ ಹಾಲೂಡಿಸುವಾಗಲೂ ಸೇವಿಸಬಹುದಾದವು. ಸಲ್ಫಾಸಲಜೀನ್ ಜೊತೆ ಫೋಲಿಕ್ ಆಮ್ಲ ಬೇಕು. ಇವು ಕೆಲಸ ಆರಂಭಿಸಲು ಎರಡು–ಮೂರು ತಿಂಗಳು ಹಿಡಿಯುವುದರಿಂದ ಬಸಿರಾದ ಮೇಲೆ ಹೊಸದಾಗಿ ಶುರುಮಾಡುವುದಕ್ಕಿಂತ ಮುಂಚೆಯೇ ಬದಲಾಯಿಸಿಕೊಂಡಿರುವುದು ಮೇಲು. ಕಡಿಮೆ ಪ್ರಮಾಣದ ಪ್ರೆಡ್ನಿಸೊಲೋನನ್ನೂ ಅಗತ್ಯವಿದ್ದಾಗ ಬಳಸುತ್ತಾರೆ. ಟಿಎನ್ಎಫ್ ಪ್ರತಿರೋಧಕ ಚುಚ್ಚುಮದ್ದುಗಳಲ್ಲಿ ಸರ್ಟೊಲಿಜುಮ್ಯಾಬ್ ಮಾಸುಚೀಲವನ್ನು ದಾಟುವುದು ನಗಣ್ಯ. ಅದನ್ನು ಬಸಿರಿನುದ್ದಕ್ಕೂ ಕೊಡಬಹುದು.

ನಿಲ್ಲಿಸಬೇಕಾದವುಗಳಲ್ಲಿ ಮೊದಲನೆಯದು ಮೆಥೊಟ್ರೆಕ್ಸೇಟ್. ಸಂಧಿವಾತದ ಚಿಕಿತ್ಸೆಯ ಬೆನ್ನೆಲುಬಾದ ಈ ಔಷಧವು ಗರ್ಭಪಾತಕ್ಕೂ ಭ್ರೂಣದ ಅಂಗವೈಕಲ್ಯಕ್ಕೂ ಕಾರಣವಾಗಬಲ್ಲದು. ಗರ್ಭಧಾರಣೆಗೆ ಒಂದರಿಂದ ಮೂರು ತಿಂಗಳು ಮುಂಚೆ ಅದನ್ನು ನಿಲ್ಲಿಸಿ ಫೋಲಿಕ್ ಆಮ್ಲವನ್ನು ಮುಂದುವರಿಸಬೇಕು. ಅಲ್ಲಿಯವರೆಗೆ ಖಚಿತವಾದ ಗರ್ಭನಿರೋಧಕ ಇರಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಅಳವಡಿಸುವ ಕಾಪರ್-ಟಿ ಈ ಉದ್ದೇಶಕ್ಕೆ ಯೋಗ್ಯ. ಮೆಥೊಟ್ರೆಕ್ಸೇಟನ್ನು ವಾರಕ್ಕೆ ಒಂದೇ ದಿನ ಸೇವಿಸಬೇಕೆಂಬುದನ್ನೂ ಒತ್ತಿ ಹೇಳಬೇಕು: ತಪ್ಪಾಗಿ ದಿನವೂ ನುಂಗಿ ಪ್ರಾಣಾಪಾಯಕ್ಕೆ ಸಿಲುಕಿದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಊರಿನ ಸಂತೆಯ ದಿನವನ್ನೇ ಮಾತ್ರೆಯ ದಿನವನ್ನಾಗಿ ಗೊತ್ತುಮಾಡಿಕೊಂಡರೆ ಮರೆವಿಗೂ ಗೊಂದಲಕ್ಕೂ ಎಡೆಯಿರುವುದಿಲ್ಲ.

ಲೆಫ್ಲುನೊಮೈಡ್ ಇನ್ನೂ ಹಟಮಾರಿ. ಮಾತ್ರೆ ನಿಲ್ಲಿಸಿದ ಮೇಲೂ ಅದರ ಅಂಶ ದೇಹದಲ್ಲಿ ಎರಡು ವರ್ಷದವರೆಗೆ ಉಳಿಯಬಹುದು. ಕೊಲೆಸ್ಟೈರಮಿನ್ ಎಂಬ ಪುಡಿಯನ್ನು ಸುಮಾರು ಹನ್ನೊಂದು ದಿನ ಸೇವಿಸಿ ಅದನ್ನು ತೊಳೆದು ಹೊರಹಾಕಬೇಕಾಗುತ್ತದೆ. ಟೊಫಾಸಿಟಿನಿಬ್ ಮುಂತಾದ ಹೊಸ ಮಾತ್ರೆಗಳ ಬಗ್ಗೆ ಬಸಿರಿನಲ್ಲಿ ಸಾಕಷ್ಟು ಅನುಭವವಿಲ್ಲದುದರಿಂದ ಅವನ್ನೂ ಮುಂಚಿತವಾಗಿ ನಿಲ್ಲಿಸುತ್ತಾರೆ. ನೋವುನಿವಾರಕಗಳ ವಿಷಯದಲ್ಲಿ, ಬಸಿರಿನ 20ನೇ ವಾರದಿಂದ ಅವನ್ನು ತಪ್ಪಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ಕೊನೆಯ ತಿಂಗಳುಗಳಲ್ಲಿ ಅವು ಮಗುವಿನ ಹೃದಯದ ಬಳಿಯ ರಕ್ತನಾಳವೊಂದನ್ನು ಅಕಾಲದಲ್ಲಿ ಮುಚ್ಚಿಸಬಲ್ಲವು. ಪ್ಯಾರಾಸಿಟಮಾಲ್ ಇದಕ್ಕೆ ಪರ್ಯಾಯ.

ಮೆಥೊಟ್ರೆಕ್ಸೇಟ್ ಸೇವಿಸುತ್ತಿರುವಾಗಲೇ ಅರಿವಿಲ್ಲದೆ ಬಸಿರಾದರೆ ಮಾತ್ರೆಯನ್ನು ತಕ್ಷಣ ನಿಲ್ಲಿಸಿ, ಅದೇ ವಾರ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಅಂತಹ ಎಲ್ಲ ಶಿಶುಗಳಿಗೂ ದೋಷವಿರುತ್ತದೆಂದಲ್ಲ. ಸ್ಕ್ಯಾನಿಂಗ್ ಮಾಡಿಸಿ ದಂಪತಿಗಳು ವೈದ್ಯರೊಡನೆ ಸಮಾಲೋಚಿಸಿ ನಿರ್ಧರಿಸಬೇಕಾದ ವಿಷಯವದು. ಬಸಿರು ಗೊತ್ತಾದೊಡನೆ ಹೆದರಿ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಎಸೆಯುವುದು ಇದಕ್ಕೆ ವಿರುದ್ಧವಾದ, ಇನ್ನೂ ಹೆಚ್ಚು ಸಾಮಾನ್ಯವಾದ ತಪ್ಪು. ಹತೋಟಿ ತಪ್ಪಿದ ಕಾಯಿಲೆಯು ಅವಧಿಪೂರ್ವ ಹೆರಿಗೆಗೂ ಕಡಿಮೆ ತೂಕದ ಮಗುವಿಗೂ ದಾರಿಮಾಡುತ್ತದೆ.

ಬಸಿರಿನಲ್ಲಿ ಕಾಯಿಲೆ

ಬಸಿರಿನಲ್ಲಿ ಸಂಧಿವಾತ ತಾನಾಗಿ ಇಳಿಯುವುದನ್ನು ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ಫಿಲಿಪ್ ಹೆಂಚ್ 1938ರಲ್ಲಿ ವಿವರವಾಗಿ ದಾಖಲಿಸಿದರು. ಕಾಮಾಲೆಯಾದಾಗಲೂ ನೋವು ಇಳಿಯುವುದನ್ನು ಅವರು ಅದಕ್ಕೂ ಮೊದಲೇ ಕಂಡಿದ್ದರು. ದೇಹದೊಳಗೇ ಉರಿಯೂತವನ್ನು ಶಮನಗೊಳಿಸುವ ವಸ್ತುವೊಂದಿರಬೇಕೆಂಬ ಅವರ ಹುಡುಕಾಟವು 1948ರಲ್ಲಿ ಕಾರ್ಟಿಸೋನ್ ಚಿಕಿತ್ಸೆಗೆ ಹಾದಿಯಾಯಿತು. ಎಡ್ವರ್ಡ್ ಕೆಂಡಲ್ ಮತ್ತು ಟಾಡಿಯಸ್ ರೈಶ್ಟೈನ್ ಅವರೊಡನೆ 1950ರ ನೊಬೆಲ್ ಪ್ರಶಸ್ತಿ ಹೆಂಚ್ ಅವರಿಗೆ ಸಂದಿತು. ಬಸುರಿಯರ ಕೀಲುಗಳನ್ನು ಗಮನವಿಟ್ಟು ನೋಡಿದುದರಿಂದ ದೊರೆತ ಔಷಧವೆಂದು ಸ್ಟೀರಾಯ್ಡನ್ನು ಕರೆದರೆ ತಪ್ಪಾಗದು.

ಹಿಂದೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಸುರಿಯರಿಗೆ ನೋವು ಇಳಿಯುತ್ತದೆಂದು ನಂಬಲಾಗಿತ್ತು. 2008ರ ಡಚ್ ಅಧ್ಯಯನದಲ್ಲಿ, ಆರಂಭದಲ್ಲಿ ಕಾಯಿಲೆ ಸಕ್ರಿಯವಾಗಿದ್ದವರ ಪೈಕಿ ಸುಧಾರಿಸಿದವರು ಸುಮಾರು ಅರ್ಧದಷ್ಟು ಮಾತ್ರ. ಆದ್ದರಿಂದ ‘ಬಸಿರಾದರೆ ವಾತ ಹೋಗುತ್ತದೆ’ ಎಂಬ ಭರವಸೆಯ ಮೇಲೆ ಚಿಕಿತ್ಸೆ ಬಿಡುವಂತಿಲ್ಲ. ತಾಯಿಯ ರಕ್ತದಲ್ಲಿ ಆಂಟಿ-ರೋ ಎಂಬ ಪ್ರತಿಕಾಯವಿದ್ದರೆ ಮಗುವಿನ ಹೃದಯ ಬಡಿತದ ಮೇಲೆ ವಿಶೇಷ ನಿಗಾ ಬೇಕಾಗುತ್ತದೆ. ಯೋಜನೆಯ ಹಂತದಲ್ಲೇ ಈ ಪರೀಕ್ಷೆ ಮಾಡಿಸುವುದು ವಾಡಿಕೆ.

ಸಕಲೇಶಪುರ ಮತ್ತು ಆಲೂರು ಪ್ರದೇಶದಲ್ಲಿ

ಹೇಮಾವತಿಯ ಮೇಲ್ಭಾಗದ ಈ ಎರಡು ತಾಲ್ಲೂಕುಗಳು ಕಾಫಿ, ಏಲಕ್ಕಿ, ಮೆಣಸು, ಭತ್ತದ ನಾಡು. ಹೆತ್ತೂರು, ಯಸಳೂರು, ಹಾನುಬಾಳು ಹೋಬಳಿಗಳ ಹಳ್ಳಿಗಳು ಗುಡ್ಡಗಳ ನಡುವೆ ದೂರದೂರಕ್ಕೆ ಚದುರಿವೆ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಆರಂಭವಾಗಿ, ರೊಬಸ್ಟಾ ಕೊಯ್ಲು ಬೇಸಿಗೆಯ ಹೊಸ್ತಿಲವರೆಗೆ ನಡೆಯುತ್ತದೆ. ಹಣ್ಣನ್ನು ಒಂದೊಂದಾಗಿ ಬೆರಳುಗಳಿಂದ ಬಿಡಿಸುವ ಈ ಕೆಲಸದಲ್ಲಿ ಸ್ತ್ರೀಯರ ಪಾಲು ದೊಡ್ಡದು. ರುಮಟಾಯ್ಡ್ ಸಂಧಿವಾತವು ಮೊದಲು ಹಿಡಿಯುವುದೂ ಅವೇ ಬೆರಳ ಗೆಣ್ಣುಗಳನ್ನು. ಬಿಡಿಸಿದ ಹಣ್ಣಿನ ತೂಕದ ಮೇಲೆ ಕೂಲಿ ಸಿಗುವಲ್ಲಿ, ಬೆಳಗಿನ ಬಿಗಿತದ ಒಂದು ಗಂಟೆ ನೇರವಾಗಿ ಸಂಪಾದನೆಯ ನಷ್ಟ. ನೋವಿನ ಮಾತ್ರೆ ನುಂಗಿ ತೋಟಕ್ಕೆ ಹೊರಡುವ ಪರಿಪಾಠಕ್ಕೆ ಇದು ಕಾರಣ, ಮತ್ತು ಆ ಮಾತ್ರೆ ಅಂಡಾಣುವಿನ ಬಿಡುಗಡೆಗೆ ತರುವ ಅಡ್ಡಿಯನ್ನು ಮೇಲೆ ಹೇಳಲಾಗಿದೆ.

1951ರ ತೋಟ ಕಾರ್ಮಿಕರ ಕಾಯ್ದೆಯು ವೈದ್ಯಕೀಯ ಸೌಲಭ್ಯ, ಅನಾರೋಗ್ಯ ಭತ್ಯೆ ಮತ್ತು ಹೆರಿಗೆ ಭತ್ಯೆಗಳನ್ನು ವಿಧಿಸಿತ್ತು. ಆದರೆ ಅದರ ವ್ಯಾಪ್ತಿ ಐದು ಹೆಕ್ಟೇರ್ ಹಾಗೂ ಹದಿನೈದು ಕಾರ್ಮಿಕರ ಮಿತಿಯಿಂದ ಮೇಲಿನ ತೋಟಗಳಿಗೆ ಸೀಮಿತವಾಗಿತ್ತು. ಸಣ್ಣ ಹಿಡುವಳಿದಾರರ ತೋಟಗಳಲ್ಲಿ ದಿನಗೂಲಿಗೆ ದುಡಿಯುವವರು ಮತ್ತು ಸ್ವಂತ ತೋಟದಲ್ಲೇ ದುಡಿಯುವ ಮನೆಯ ಹೆಂಗಸರು ಈ ರಕ್ಷಣೆಯ ಹೊರಗೇ ಉಳಿದರು.

ತಾಲ್ಲೂಕು ಕೇಂದ್ರಗಳೆರಡರಲ್ಲೂ ಸರ್ಕಾರಿ ಆಸ್ಪತ್ರೆಗಳಿವೆ. ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲಿ 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇದೆ. ಸಾಮಾನ್ಯ ವೈದ್ಯಶಾಸ್ತ್ರ ಮತ್ತು ಸ್ತ್ರೀರೋಗ ವಿಭಾಗಗಳೆರಡನ್ನೂ ಅಲ್ಲಿ ಒಂದೇ ಪ್ರಯಾಣದಲ್ಲಿ ಕಾಣಬಹುದು. ಸಂಧಿವಾತ ತಜ್ಞರಿಗಾಗಿ ಬೆಂಗಳೂರಿಗೋ ಕರಾವಳಿಯ ಮಂಗಳೂರು, ಮಣಿಪಾಲಗಳಿಗೋ ಹೋಗುವವರೂ ಉಂಟು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಕರಾವಳಿಯ ದಾರಿ ಮುಚ್ಚುತ್ತದೆ. ಕಾಡಾನೆಗಳ ಹಾವಳಿಯಿರುವ ಹಳ್ಳಿಗಳಲ್ಲಿ ನಸುಕಿನಲ್ಲಿ ಬಸ್ಸಿಗೆ ನಡೆದುಹೋಗುವುದೇ ಒಂದು ಸಾಹಸ. ಆದುದರಿಂದ ಔಷಧ ಬದಲಾವಣೆಯಂತಹ ಹಲವು ಭೇಟಿಗಳ ಕೆಲಸವನ್ನು ಮಳೆ ಮತ್ತು ಕೊಯ್ಲು ಎರಡೂ ಇಲ್ಲದ ತಿಂಗಳುಗಳಿಗೆ ಹೊಂದಿಸಿಕೊಳ್ಳುವುದು ವಿವೇಕ. ರಕ್ತಪರೀಕ್ಷೆಗಳನ್ನು ಹತ್ತಿರದಲ್ಲೇ ಮಾಡಿಸಿ ವರದಿಯನ್ನು ತಜ್ಞರಿಗೆ ಕಳುಹಿಸುವ ಅನುಕೂಲವೂ ಈಗಿದೆ.

ವಾತಕ್ಕೆ ನಾಟಿ ಔಷಧ ಪಡೆಯುವುದು ಈ ಭಾಗದಲ್ಲಿ ಹಳೆಯ ರೂಢಿ. ಎಣ್ಣೆ ತಿಕ್ಕಿ ಬಿಸಿನೀರು ಹಾಕಿಸಿಕೊಳ್ಳುವುದರಿಂದ ಹಾನಿಯಿಲ್ಲ, ಸ್ವಲ್ಪ ಹಿತವೂ ಇದೆ. ಹೆಸರು, ಪದಾರ್ಥ ಯಾವುದನ್ನೂ ನಮೂದಿಸದ ಪೊಟ್ಟಣದ ಪುಡಿ ಮತ್ತು ಗುಳಿಗೆಗಳ ಮಾತು ಬೇರೆ. ದೇಶದ ನಾನಾ ಕಡೆ ಅಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರಕೆಯೂ, ಸೀಸ, ಪಾದರಸಗಳಂತಹ ಲೋಹಗಳೂ ಪತ್ತೆಯಾಗಿವೆ. ಎರಡೇ ದಿನದಲ್ಲಿ ಪವಾಡದಂತೆ ನೋವು ಹೋದರೆ ಸಂಶಯಪಡಬೇಕು. ಸ್ಟೀರಾಯ್ಡ್ ಮುಟ್ಟಿನ ಕ್ರಮವನ್ನು ಕೆಡಿಸಬಲ್ಲದು, ಬಸಿರಿನಲ್ಲಿ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಏರಿಸಬಲ್ಲದು. ಸೀಸವು ಮಾಸುಚೀಲವನ್ನು ದಾಟಿ ಮಗುವಿನ ಮಿದುಳನ್ನು ಮುಟ್ಟುತ್ತದೆ.

ರಕ್ತಹೀನತೆಯ ವಿಚಾರವೂ ಇಲ್ಲಿ ಪ್ರಸ್ತುತ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಿದರೂ ಹಿಮೋಗ್ಲೋಬಿನ್ ಏರದ ಬಸುರಿಯಲ್ಲಿ ಸಂಧಿವಾತದ ಉರಿಯೂತವೇ ಕಾರಣವಾಗಿರಬಹುದು. ಉರಿಯೂತ ಇಳಿಯದೆ ಆ ರಕ್ತಹೀನತೆ ಪೂರ್ತಿ ಸರಿಹೋಗುವುದಿಲ್ಲ.

ಬಾಣಂತನ

ಹೆರಿಗೆಯ ನಂತರದ ಮೊದಲ ಕೆಲವು ತಿಂಗಳುಗಳು ಅತ್ಯಂತ ಎಚ್ಚರ ಬೇಡುವ ಕಾಲ. ಮೇಲೆ ಹೇಳಿದ 2008ರ ಅಧ್ಯಯನದಲ್ಲಿ ಶೇ. 39ರಷ್ಟು ಸ್ತ್ರೀಯರಿಗೆ ಹೆರಿಗೆಯ ನಂತರ ಕಾಯಿಲೆ ಉಲ್ಬಣಿಸಿತು. ಅದುವರೆಗೆ ಲಕ್ಷಣವೇ ಇಲ್ಲದವರಲ್ಲಿ ಕಾಯಿಲೆ ಮೊದಲ ಬಾರಿಗೆ ತಲೆದೋರುವುದೂ ಈ ಕಾಲದಲ್ಲಿ ಹೆಚ್ಚು. ತವರಿನಲ್ಲಿ ಮೂರು ತಿಂಗಳ ಬಾಣಂತನ ನಡೆಯುವ ಹೊತ್ತಿಗೇ ಇದು ಬೀಳುತ್ತದೆ. ಕೈಬೆರಳು ಊದಿದರೆ ಶೀತ ತಗುಲಿತೆಂದೋ, ಪಥ್ಯ ತಪ್ಪಿತೆಂದೋ, ನೀರಿನಲ್ಲಿ ಕೈಯಾಡಿಸಿದಳೆಂದೋ ಹಿರಿಯರು ಭಾವಿಸುತ್ತಾರೆ. ತಾಯಿಯೂ ಅದನ್ನೇ ನಂಬಿ ಸುಮ್ಮನಿರುತ್ತಾಳೆ. ಕೀಲಿಗೆ ಶಾಶ್ವತ ಹಾನಿಯಾಗುವುದು ಕಾಯಿಲೆಯ ಆರಂಭದ ವರ್ಷಗಳಲ್ಲೇ ಆದುದರಿಂದ ಈ ವಿಳಂಬದ ಬೆಲೆ ದೊಡ್ಡದು. ಮಗುವನ್ನು ಎತ್ತಲಾಗದಿರುವುದು, ಕೂಸಿನ ಅಂಗಿಯ ಗುಂಡಿ ಹಾಕಲು ಬೆರಳು ಬಾಗದಿರುವುದು, ಬೆಳಿಗ್ಗೆ ಎದ್ದೊಡನೆ ಮುಷ್ಟಿ ಬಿಗಿಯಲಾಗದಿರುವುದು ಇವುಗಳಲ್ಲಿ ಯಾವುದೇ ಕಂಡರೂ ಪರೀಕ್ಷೆ ಮಾಡಿಸಬೇಕು.

ಹೈಡ್ರಾಕ್ಸಿಕ್ಲೊರೊಕ್ವಿನ್, ಸಲ್ಫಾಸಲಜೀನ್ ಮತ್ತು ಕಡಿಮೆ ಪ್ರಮಾಣದ ಪ್ರೆಡ್ನಿಸೊಲೋನ್ ಸೇವಿಸುತ್ತಲೇ ಹಾಲೂಡಿಸಬಹುದು. ಐಬುಪ್ರೊಫೆನ್ ಕೂಡ ಈ ಕಾಲದಲ್ಲಿ ನಿಷಿದ್ಧವಲ್ಲ. ಮೆಥೊಟ್ರೆಕ್ಸೇಟ್ ಮತ್ತು ಲೆಫ್ಲುನೊಮೈಡ್ ಹಾಲೂಡಿಸುವಾಗ ಸಲ್ಲವು. ತಾಯಿಯು ಬಸಿರಿನ ಕೊನೆಯ ತಿಂಗಳುಗಳಲ್ಲಿ ಅಡಲಿಮುಮ್ಯಾಬ್, ಇನ್‌ಫ್ಲಿಕ್ಸಿಮ್ಯಾಬ್‌ಗಳಂತಹ ಮಾಸುಚೀಲ ದಾಟುವ ಚುಚ್ಚುಮದ್ದು ಪಡೆದಿದ್ದರೆ ಶಿಶುವಿಗೆ ಬಿಸಿಜಿ ಲಸಿಕೆಯನ್ನು ಕನಿಷ್ಠ ಆರು ತಿಂಗಳು ಮುಂದೂಡುತ್ತಾರೆ. ನಮ್ಮ ದೇಶದಲ್ಲಿ ಬಿಸಿಜಿಯನ್ನು ಹುಟ್ಟಿದೊಡನೆ ಹೆರಿಗೆ ಆಸ್ಪತ್ರೆಯಲ್ಲೇ ಹಾಕುವ ಪದ್ಧತಿಯಿರುವುದರಿಂದ, ತಾಯಿ ಪಡೆದ ಔಷಧದ ಹೆಸರು ಮತ್ತು ಕೊನೆಯ ಚುಚ್ಚುಮದ್ದಿನ ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಮುಂಚೆಯೇ ಬರೆಸಿರಬೇಕು.